ಕಿಟಕಿಯ ಅಳತೆ ಹಿಡಿದು ಹಳೇ ಅಂಗಡಿಗೆ

ಹೊಸ ಮನೆಗೆ ತಂದ ಮೊದಲ ಪರದೆಗಳು ಒಂದೇ ಒಗೆತಕ್ಕೆ ಗಿಡ್ಡ ಆದವು. ಮನೆ ಬದಲಾಯಿಸಿ ಎರಡು ವಾರ ಆಗಿತ್ತು. ಕಿಟಕಿಗಳೆಲ್ಲ ಬೋಳಾಗಿದ್ದವು. ರಾತ್ರಿ ದೀಪ ಹಾಕಿದರೆ ಒಳಗಿನದೆಲ್ಲ ಹೊರಗೆ ಕಾಣುತ್ತಿತ್ತು. ಆತುರದಲ್ಲಿ ಫೋನಿನಲ್ಲೇ ಚಿತ್ರ ನೋಡಿ, ಹೊಲಿದು ರೆಡಿ ಇದ್ದ ಪರದೆ ತರಿಸಿದೆ. ಉದ್ದ 210 ಸೆಂಟಿಮೀಟರ್. ಹಾಕಿದ ದಿನ ನೆಲಕ್ಕೆ ಸರಿಯಾಗಿ ತಾಗುವಂತಿತ್ತು. ಒಂದು ತಿಂಗಳು ಬಿಟ್ಟು ಒಗೆದು ಮತ್ತೆ ಹಾಕಿದರೆ ನೆಲದಿಂದ ಹತ್ತು ಸೆಂಟಿಮೀಟರ್ ಮೇಲೆ ನಿಂತಿತು. ಬಣ್ಣವೂ ಚಿತ್ರದಲ್ಲಿದ್ದ ಹಾಗೆ ಇರಲಿಲ್ಲ. ದಿನಾ ಬೆಳಿಗ್ಗೆ ಎದ್ದಾಗ ಮೊದಲು ಕಾಣುತ್ತಿದ್ದದ್ದೇ ಆ ಗಿಡ್ಡ ಪರದೆ. ನೋಡಿದಾಗೆಲ್ಲ ಬೇಜಾರಾಗುತ್ತಿತ್ತು.

ಅಕ್ಕನ ಹತ್ತಿರ ಹೇಳಿಕೊಂಡೆ. "ಅಷ್ಟೆಲ್ಲ ಯಾಕೆ ಒದ್ದಾಡ್ತೀಯ, ಆ ಹಳೇ ಅಂಗಡಿಗೆ ಹೋಗಿ ಒಂದ್ಸಲ ಮಾತಾಡು" ಅಂದಳು. ಆ ಅಂಗಡಿ ನನಗೆ ಗೊತ್ತಿತ್ತು. ಎಷ್ಟೋ ಸಲ ಅದರ ಮುಂದೆ ಹಾದು ಹೋಗಿದ್ದೆ. ಒಳಗೆ ಕತ್ತಲು ಕತ್ತಲಾಗಿ ಕಾಣುತ್ತಿತ್ತು, ಗಾಜಿನ ಬಾಗಿಲಿಲ್ಲ, ಹೊರಗೆ ನೇತು ಹಾಕಿದ ಬೋರ್ಡಿನ ಅಕ್ಷರ ಅರ್ಧ ಮಾಸಿತ್ತು. ಒಳಗೆ ಹೋಗಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಂದದ್ದು ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, ಅದರ ಜೊತೆ ಹಳೇ ಮರದ ವಾಸನೆ. ಮಾಡಿನವರೆಗೂ ಕಪಾಟು. ಪ್ರತಿ ಖಾನೆಯಲ್ಲೂ ಬಟ್ಟೆಯ ಥಾನುಗಳು, ಅಂಚು ಹೊರಗೆ ಕಾಣುವ ಹಾಗೆ ಒಂದರ ಮೇಲೊಂದು. ಗಾಲಿ ಇರುವ ಮರದ ಏಣಿ. ಉದ್ದನೆಯ ಕಟ್ಟೆಯಂಥ ಮೇಜು, ಅದರ ಅಂಚಿಗೆ ಮೊಳೆ ಹೊಡೆದು ಕೂರಿಸಿದ ಹಿತ್ತಾಳೆಯ ಅಳತೆಪಟ್ಟಿ. ಎಷ್ಟು ವರ್ಷ ಎಷ್ಟು ಬಟ್ಟೆ ಅದರ ಮೇಲೆ ಜಾರಿತ್ತೋ, ಮಧ್ಯದ ಗೆರೆಗಳು ಸವೆದು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಹಿಂದಿನ ಕೋಣೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು.

"ಪರದೆ ಬಟ್ಟೆ ತೋರಿಸಿ" ಅಂದೆ. ಯಜಮಾನರು ಯಾವ ಥಾನನ್ನೂ ಇಳಿಸಲಿಲ್ಲ. ನನ್ನನ್ನು ಕೂರಿಸಿ ಕೇಳುವುದಕ್ಕೆ ಶುರು ಮಾಡಿದರು. ಕಿಟಕಿ ಯಾವ ದಿಕ್ಕಿಗಿದೆ ಅಮ್ಮ? ಮಧ್ಯಾಹ್ನದ ಬಿಸಿಲು ಬೀಳುತ್ತಾ? ಆ ಕೋಣೆಯಲ್ಲಿ ಮಲಗ್ತೀರಾ, ಕೂರ್ತೀರಾ? ಗೋಡೆಗೆ ಯಾವ ಬಣ್ಣ? ಮನೆಯಲ್ಲಿ ಮಕ್ಕಳು, ನಾಯಿ, ಬೆಕ್ಕು ಇದ್ದಾವಾ? ಯಾರು ಒಗೀತೀರಿ, ಕೈಯಲ್ಲೋ ಮೆಷಿನ್ನಲ್ಲೋ? ರಾಡು ಹಾಕಿ ಆಗಿದೆಯಾ, ಇನ್ನೂ ಹಾಕಬೇಕಾ? ಕೊನೆಗೆ, "ಅಳತೆ ತಂದಿದ್ದೀರಾ?"

ತಂದಿದ್ದೆ. ಕಿಟಕಿಯ ಅಗಲ, ಕಿಟಕಿಯ ಎತ್ತರ. ಅವರು ಚೀಟಿ ನೋಡಿ ನನಗೇ ವಾಪಸ್ ಕೊಟ್ಟರು. "ಇದು ಕಿಟಕಿಯ ಅಳತೆ. ನನಗೆ ಬೇಕಾದ್ದು ಪರದೆಯ ಅಳತೆ. ನಾಳೆ ಬನ್ನಿ" ಅಂದರು. ಒಂದು ಬಟ್ಟೆಯನ್ನೂ ತೋರಿಸದೆ ಕಳಿಸಿದ ಅಂಗಡಿಯನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಹೇಗೆ ಅಳೆಯಬೇಕು ಅನ್ನುವುದನ್ನು ಕಂದು ಬಣ್ಣದ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರು. ಆ ಕಾಗದ ಈಗಲೂ ನನ್ನ ಹತ್ತಿರ ಇದೆ.

ಅದರಲ್ಲಿದ್ದದ್ದು ಇಷ್ಟು. ಅಗಲ ಅಳೆಯಬೇಕಾದದ್ದು ರಾಡಿನದು. ರಾಡು ಕಿಟಕಿಗಿಂತ ಎರಡೂ ಕಡೆ ಹದಿನೈದರಿಂದ ಇಪ್ಪತ್ತು ಸೆಂಟಿಮೀಟರ್ ಆಚೆ ಬರಬೇಕು. ಆಗ ಪರದೆ ಸರಿಸಿದರೆ ಬಟ್ಟೆ ಗೋಡೆಯ ಮೇಲೆ ಹೋಗಿ ನಿಲ್ಲುತ್ತದೆ, ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ, ಬೆಳಕು ಜಾಸ್ತಿ ಬರುತ್ತದೆ. ರಾಡು ಚೌಕಟ್ಟಿನಿಂದ ಹತ್ತು ಹದಿನೈದು ಸೆಂಟಿಮೀಟರ್ ಮೇಲಿರಬೇಕು. ಇಲ್ಲದಿದ್ದರೆ ಮೇಲಿನ ಸಂದಿಯಿಂದ ಬೆಳಕು ಸೋರುತ್ತದೆ. ಎತ್ತರವನ್ನು ಮೂರು ಕಡೆ ಅಳೆಯಬೇಕು, ಎಡ, ಮಧ್ಯ, ಬಲ. ನಮ್ಮ ಕಣ್ಣಿಗೆ ಸಮ ಅನ್ನಿಸುವ ನೆಲ ಟೇಪಿಗೆ ಸಮ ಇರುವುದಿಲ್ಲ. ಮೂರರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿದು, ಅದರಲ್ಲಿ ಒಂದು ಸೆಂಟಿಮೀಟರ್ ಕಳೆಯಬೇಕು. ಅಷ್ಟು ಮೇಲಿದ್ದರೆ ಅಂಚು ನೆಲದ ಧೂಳು ಗುಡಿಸುವುದಿಲ್ಲ.

ಮನೆಗೆ ಹೋಗಿ ಅಳೆದೆ. ನಮ್ಮ ಹಾಲಿನ ಕಿಟಕಿಯಲ್ಲಿ ಎಡಕ್ಕೂ ಬಲಕ್ಕೂ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಇತ್ತು! ಇನ್ನೊಂದು ಮಾತು, ಬಟ್ಟೆಯ ಟೇಪಿನಲ್ಲಿ ಅಳೆಯಬೇಡಿ. ಹಳೆಯದಾದರೆ ಅದು ಹಿಗ್ಗಿರುತ್ತದೆ. ಬಡಗಿಗಳು ಇಟ್ಟುಕೊಳ್ಳುವ ಉಕ್ಕಿನ ಟೇಪು ಒಳ್ಳೆಯದು.

ಮರುದಿನ ಲೆಕ್ಕ ಶುರುವಾಯಿತು. ಈ ಲೆಕ್ಕ ಒಂದು ಸಲ ಗೊತ್ತಾದರೆ ಯಾವ ಅಂಗಡಿಗೆ ಹೋದರೂ ಧೈರ್ಯ ಇರುತ್ತದೆ, ಅದಕ್ಕೇ ಪೂರ್ತಿ ಬರೆಯುತ್ತೇನೆ. ನನ್ನ ರಾಡು 180 ಸೆಂಟಿಮೀಟರ್. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಬಟ್ಟೆ ರಾಡಿನ ಎರಡರಷ್ಟು ಇರಬೇಕು, ಅಂದರೆ 360. ದಪ್ಪ ಬಟ್ಟೆಗೆ ಒಂದೂವರೆಯಷ್ಟಾದರೂ ನಡೆಯುತ್ತದೆ, ತೆಳ್ಳಗಿನ ಜಾಲರಿ ಬಟ್ಟೆಗೆ ಎರಡೂವರೆ ಬೇಕು. ಪರದೆ ಬಟ್ಟೆಯ ಥಾನು ಸಾಮಾನ್ಯವಾಗಿ 54 ಇಂಚು ಅಗಲ, ಅಂದರೆ 137 ಸೆಂಟಿಮೀಟರ್. ಎರಡು ತುಂಡು ಜೋಡಿಸಿದರೆ 274, ಸಾಲದು. ಹಾಗಾಗಿ ಮೂರು ತುಂಡು. ಇಳಿಬೀಳುವ ಉದ್ದ 210, ಮೇಲೆ ಕೆಳಗೆ ಮಡಿಸಿ ಹೊಲಿಯಲು 25 ಸೇರಿಸಿ 235. ಮೂರು ತುಂಡಿಗೆ 705. ಏಳು ಮೀಟರ್ ಚಿಲ್ಲರೆ.

ಆದರೆ ನಾನು ಬಳ್ಳಿ ಚಿತ್ತಾರದ ಬಟ್ಟೆ ಮೆಚ್ಚಿಕೊಂಡಿದ್ದೆ. ಯಜಮಾನರು ಥಾನನ್ನು ಮೇಜಿನ ಮೇಲೆ ಬಿಚ್ಚಿ, ಒಂದು ಎಲೆಯ ತುದಿಯಿಂದ ಅದೇ ಎಲೆ ಮತ್ತೆ ಬರುವ ಜಾಗದವರೆಗೆ ಬೆರಳಿಟ್ಟು ಅಳೆದರು. 32 ಸೆಂಟಿಮೀಟರ್. "ಮೂರು ತುಂಡು ಜೋಡಿಸಿದಾಗ ಬಳ್ಳಿ ಬಳ್ಳಿಗೆ ಕೂಡಬೇಕಲ್ಲ? ಹಾಗಾದರೆ ಪ್ರತಿ ತುಂಡೂ ಒಂದೇ ಎಲೆಯಿಂದ ಶುರುವಾಗಬೇಕು." 235ಕ್ಕೆ 32ರ ಏಳು ಆವೃತ್ತಿ ಸಾಲದು, ಎಂಟು ಬೇಕು. ಒಂದು ತುಂಡಿಗೆ 256, ಮೂರಕ್ಕೆ 768. ಚಿತ್ತಾರ ಬೇಕು ಅಂದರೆ ಅರವತ್ತಕ್ಕೂ ಹೆಚ್ಚು ಸೆಂಟಿಮೀಟರ್ ಬಟ್ಟೆ ಬರೀ ಹೊಂದಿಸುವುದಕ್ಕೇ ಹೋಗುತ್ತದೆ. ಅದನ್ನು ಕತ್ತರಿ ಹಾಕುವ ಮೊದಲೇ ಹೇಳಿದರು. ನಾನು ಯೋಚಿಸಿ ಹಾಲಿಗೆ ಮಾತ್ರ ಬಳ್ಳಿ, ಮಲಗುವ ಕೋಣೆಗಳಿಗೆ ಚಿತ್ತಾರ ಇಲ್ಲದ ಬಟ್ಟೆ ಅಂತ ತೀರ್ಮಾನ ಮಾಡಿದೆ.

ಬಣ್ಣದ ವಿಷಯಕ್ಕೆ ಬಂದಾಗ ಅವರು ಥಾನು ಎತ್ತಿಕೊಂಡು ನೇರ ಬಾಗಿಲ ಹೊಸ್ತಿಲಿಗೆ ನಡೆದರು. ನಾನೂ ಹಿಂದೆ ಹೋದೆ. ಒಳಗೆ ಟ್ಯೂಬ್‌ಲೈಟಿನಲ್ಲಿ ಬೂದು ಅನ್ನಿಸಿದ್ದ ಬಟ್ಟೆ ಹಗಲಿನ ಬೆಳಕಿನಲ್ಲಿ ತುಸು ಹಸಿರಾಗಿ ಕಂಡಿತು. ಆಮೇಲೆ ಮೇಜಿನ ಕೆಳಗಿದ್ದ ಹಳದಿ ಬಲ್ಬು ಹಚ್ಚಿ ಅದರಡಿ ಹಿಡಿದರು. ಈಗ ಕಂದು! ಒಂದೇ ಬಟ್ಟೆ, ಮೂರು ಬೆಳಕು, ಮೂರು ಬಣ್ಣ. ನಮ್ಮ ಮನೆಯಲ್ಲಿ ಸಂಜೆ ಹಳದಿ ದೀಪವೇ ಉರಿಯುವುದು. ಬಲ್ಬಿನ ಡಬ್ಬಿಯ ಮೇಲೆ 2700 ಕೆ ಅಂತ ಇದ್ದರೆ ಹಳದಿ ಬೆಳಕು, 6500 ಕೆ ಅಂತ ಇದ್ದರೆ ಬಿಳಿ ಬೆಳಕು. ಮನೆಯಲ್ಲಿ ಯಾವುದಿದೆ ಅಂತ ನೋಡಿಕೊಂಡು ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಅಷ್ಟಾದ ಮೇಲೂ ಅವರು ಬಟ್ಟೆ ಕತ್ತರಿಸಲಿಲ್ಲ. ನಾಲ್ಕು ಥಾನುಗಳಿಂದ ಅಂಗೈ ಅಗಲದ ಚೂರುಗಳನ್ನು ಕತ್ತರಿಸಿ, ಪ್ರತಿಯೊಂದಕ್ಕೂ ಗುಂಡುಪಿನ್ನಿನಲ್ಲಿ ನಂಬರು ಚುಚ್ಚಿ ಕೈಗಿಟ್ಟರು. "ಎರಡು ದಿನ ಗೋಡೆಗೆ ಅಂಟಿಸಿ ನೋಡಿ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ." ನಾನು ಹಾಗೇ ಮಾಡಿದೆ. ಅಂಗಡಿಯಲ್ಲಿ ನನಗೆ ತುಂಬಾ ಹಿಡಿಸಿದ್ದ ಬಣ್ಣ ನಮ್ಮ ಗೋಡೆಯ ಮೇಲೆ ಸತ್ತು ಹೋಯಿತು. ಅಷ್ಟೇನೂ ಇಷ್ಟ ಆಗದಿದ್ದ ಒಂದು, ಬೆಂದ ಇಟ್ಟಿಗೆಯ ಬಣ್ಣದ್ದು, ಸಂಜೆ ದೀಪ ಹಚ್ಚುತ್ತಿದ್ದ ಹಾಗೇ ಕೋಣೆಯನ್ನೆಲ್ಲ ಬೆಚ್ಚಗೆ ಮಾಡಿತು. ಅದನ್ನೇ ತೆಗೆದುಕೊಂಡೆ. ಆ ಎರಡು ದಿನ ಸಿಗದೇ ಇದ್ದಿದ್ದರೆ ಖಂಡಿತ ತಪ್ಪು ಬಟ್ಟೆ ತರುತ್ತಿದ್ದೆ.

ಬಟ್ಟೆ ಪರೀಕ್ಷೆ ಮಾಡುವುದನ್ನು ನಾನು ಅಲ್ಲೇ ಕಲಿತದ್ದು. ಅವರು ಮುಚ್ಚಿಟ್ಟುಕೊಳ್ಳುವ ಪೈಕಿ ಅಲ್ಲ, ಕೇಳಿದರೆ ಖುಷಿಯಿಂದ ಹೇಳುತ್ತಾರೆ. "ಇದು ಪೂರ್ತಿ ಹತ್ತಿಯಾ?" ಅಂದೆ. ಅಂಚಿನಿಂದ ನಾಲ್ಕು ಎಳೆ ಎಳೆದು, ಒಂದು ಹಿತ್ತಾಳೆ ತಟ್ಟೆಯ ಮೇಲೆ ಹಿಡಿದು ಬೆಂಕಿಕಡ್ಡಿ ಗೀರಿದರು. ಎಳೆ ಸರಕ್ಕನೆ ಉರಿಯಿತು, ಕಾಗದ ಸುಟ್ಟ ವಾಸನೆ ಬಂತು, ಬೆರಳಿನಲ್ಲಿ ಉಜ್ಜಿದರೆ ಮೆತ್ತಗಿನ ಬೂದಿ. ಹತ್ತಿ. ಇನ್ನೊಂದು ಥಾನಿನ ಎಳೆ ಉರಿಯುವ ಮೊದಲೇ ಮುದುರಿ ಕರಗಿತು, ತುದಿಯಲ್ಲಿ ಕಪ್ಪಗೆ ಗಟ್ಟಿ ಮಣಿ ಉಳಿಯಿತು. ಅದು ಪಾಲಿಯೆಸ್ಟರ್. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದಂತೆ. ಪಾಲಿಯೆಸ್ಟರ್ ಕೆಟ್ಟದ್ದು ಅಂತ ಅವರು ಹೇಳಲಿಲ್ಲ. ಬಿಸಿಲಿನ ಕಿಟಕಿಗೆ ಹತ್ತಿಗಿಂತ ಅದೇ ಹೆಚ್ಚು ದಿನ ಬಾಳುತ್ತದೆ, ಕುಗ್ಗುವುದೂ ಕಡಿಮೆ. ಆದರೆ ಕೊಳ್ಳುವವರಿಗೆ ತಾವು ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು ಅನ್ನುವುದು ಅವರ ಮಾತು. ಮನೆಯಲ್ಲಿ ಇದನ್ನು ಮಾಡುವುದಾದರೆ ಒಂದೆರಡು ಎಳೆ ಮಾತ್ರ ಸಾಕು, ಪಕ್ಕದಲ್ಲಿ ನೀರಿರಲಿ.

ಬೆಂಕಿ ಬೇಡದ ಪರೀಕ್ಷೆಗಳೂ ಇವೆ. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಬಟ್ಟೆಯ ಮೇಲೆ ಹತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ ಒಗೆತದಲ್ಲೂ ಬಿಡುತ್ತದೆ. ಬಟ್ಟೆಯ ಮೂಲೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಚೆನ್ನಾಗಿ ತಿಕ್ಕಿ. ಬಿಳಿ ಪುಡಿ ಉದುರಿದರೆ ಆ ದಪ್ಪ ಗಂಜಿಯದು, ನೂಲಿನದಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಹಾಸು ಹೊಕ್ಕು, ಅಂದರೆ ಉದ್ದದ ಎಳೆ ಅಡ್ಡದ ಎಳೆ, ಎರಡೂ ಒಂದೇ ಒತ್ತಾಗಿದ್ದರೆ ನೇಯ್ಗೆ ಚೆನ್ನಾಗಿದೆ. ಅಲ್ಲಲ್ಲಿ ಕಿಂಡಿ ಕಿಂಡಿಯಾಗಿ ಕಂಡರೆ ಜೋತು ಬೀಳುತ್ತದೆ.

ಕುಗ್ಗುವ ವಿಷಯ ಹೇಳಿಕೊಂಡಾಗ ಹಿಂದಿನ ಕೋಣೆಯಿಂದ ಹೊಲಿಯುವಾಕೆಯೇ ಎದ್ದು ಬಂದರು. ಕುತ್ತಿಗೆಯಲ್ಲಿ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು. ಪಿನ್ನು ತೆಗೆದು ಹೇಳಿದರು, "ಅಕ್ಕಾ, ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದು ಕುಗ್ಗೇ ಕುಗ್ಗುತ್ತೆ. ನಾನು ನೀರಿಗೆ ಹಾಕದೆ ಕತ್ತರಿ ಹಾಕಲ್ಲ." ಥಾನಿನಿಂದ ಬಿಡಿಸಿದ ಬಟ್ಟೆಯನ್ನು ರಾತ್ರಿ ಪೂರ್ತಿ ನೀರಲ್ಲಿ ನೆನೆಸಿ, ಹಿಂಡದೆ ನೇತು ಹಾಕಿ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಅಳತೆ. ಅದಕ್ಕೆ ಬಟ್ಟೆಯನ್ನೂ ಅಷ್ಟು ಹೆಚ್ಚಿಗೆ ಕೊಳ್ಳಬೇಕು. ನನ್ನ 768ಕ್ಕೆ ನೂರಕ್ಕೆ ಐದು ಸೇರಿಸಿ ಎಂಟು ಮೀಟರಿಗಿಂತ ತುಸು ಜಾಸ್ತಿ ಆಯಿತು. ಕೆಲವು ಥಾನುಗಳ ಅಂಚಿನಲ್ಲಿ 'ಸ್ಯಾನ್‌ಫರೈಸ್ಡ್' ಅಂತ ಮುದ್ರೆ ಇರುತ್ತದೆ. ಸ್ಯಾನ್‌ಫರ್ಡ್ ಕ್ಲುಯೆಟ್ ಅನ್ನುವವರ ಹೆಸರಿನಿಂದ ಬಂದ ಪದ ಅದು. ಗಿರಣಿಯಲ್ಲೇ ಬಟ್ಟೆಯನ್ನು ಮೊದಲೇ ಕುಗ್ಗಿಸಿ ಕಳಿಸುವ ವಿಧಾನ. ಅಂಥದ್ದಾದರೆ ನೆನೆಸುವ ಕೆಲಸ ಹಗುರ.

ಬಿಸಿಲು ಬೀಳುವ ಪಶ್ಚಿಮದ ಕಿಟಕಿಗೆ ಅಸ್ತರ ಹಾಕಿಸಿದರು. ಮುಂದಿನ ಬಟ್ಟೆ ಮಾಸದಿರಲಿ ಅಂತ ಹಿಂದೆ ಒಂದು ಬಿಳಿ ಬಟ್ಟೆ. ಬಿಸಿಲು ಕುಡಿದು ಹಾಳಾಗುವುದು ಆ ಬಿಳಿ ಬಟ್ಟೆ. ಅದು ಹರಿದರೆ ಅದನ್ನಷ್ಟೇ ಬದಲಾಯಿಸಿದರೆ ಆಯಿತು. ಅಸ್ತರ ಇದ್ದರೆ ನೆರಿಗೆಯೂ ತೂಕವಾಗಿ, ಚೆಂದವಾಗಿ ಇಳಿಯುತ್ತದೆ.

ಹಾಸಿಗೆಯ ಮೇಲುಹಾಸು ಕೊಳ್ಳುವಾಗ ಯಜಮಾನರು ಗಲ್ಲಾಪೆಟ್ಟಿಗೆಯಿಂದ ಒಂದು ಪುಟ್ಟ ಹಿತ್ತಾಳೆ ವಸ್ತು ತೆಗೆದರು. ಮಡಿಸಿದರೆ ಬೆಂಕಿಪೊಟ್ಟಣದ ಗಾತ್ರ. ಬಿಡಿಸಿ ನಿಲ್ಲಿಸಿದರೆ ಮೇಲೊಂದು ಭೂತಗನ್ನಡಿ, ಕೆಳಗೆ ಸರಿಯಾಗಿ ಒಂದು ಇಂಚಿನ ಚೌಕ ಕಿಂಡಿ. ಅದನ್ನು ಬಟ್ಟೆಯ ಮೇಲಿಟ್ಟು ನೋಡಿ ಅಂದರು. ಬಗ್ಗಿ ನೋಡಿದೆ. ಬರಿಗಣ್ಣಿಗೆ ನುಣ್ಣಗೆ ಕಾಣುತ್ತಿದ್ದ ಬಟ್ಟೆ ಅಲ್ಲಿ ಹಗ್ಗ ಹಗ್ಗವಾಗಿ ಕಂಡಿತು. ಒಂದರ ಮೇಲೊಂದು, ಒಂದರ ಕೆಳಗೊಂದು, ಬುಟ್ಟಿ ಹೆಣೆದ ಹಾಗೆ. ಗುಂಡುಸೂಜಿಯ ತುದಿಯಿಂದ ಒಂದೊಂದೇ ಎಳೆ ತಳ್ಳುತ್ತಾ ಎಣಿಸಬೇಕು. ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು, ಎರಡೂ ಕೂಡಿದರೆ ಬರುವುದೇ ಪೊಟ್ಟಣದ ಮೇಲೆ ಬರೆಯುವ ನೂಲಿನ ಲೆಕ್ಕ, ಥ್ರೆಡ್ ಕೌಂಟ್. ನಾನು ಕಾಲು ಇಂಚಿಗೆ ಎಣಿಸಿ ನಾಲ್ಕರಿಂದ ಗುಣಿಸಿದೆ, ಅಷ್ಟಕ್ಕೇ ಕಣ್ಣು ದಣಿಯಿತು. ಉದ್ದಕ್ಕೆ ನೂರು ಚಿಲ್ಲರೆ, ಅಡ್ಡಕ್ಕೂ ಹೆಚ್ಚು ಕಡಿಮೆ ಅಷ್ಟೇ. ಇನ್ನೂರರ ಮೇಲಿನ ಬಟ್ಟೆ.

"ಸಾವಿರ ಅಂತ ಬರೆದಿರ್ತಾರಲ್ಲ?" ಅಂದೆ. ಅವರು ಒಂದು ಎಳೆ ಬಿಡಿಸಿ ತಿರುವಿ ತೋರಿಸಿದರು. ಎರಡು ಮೂರು ಸಣ್ಣ ಎಳೆಗಳನ್ನು ಹೊಸೆದು ಒಂದು ನೂಲು ಮಾಡಿರುತ್ತಾರೆ. ಆ ಸಣ್ಣ ಎಳೆಗಳನ್ನೆಲ್ಲ ಬೇರೆ ಬೇರೆ ಎಣಿಸಿದರೆ ಲೆಕ್ಕ ತಾನಾಗಿಯೇ ಎರಡು ಮೂರು ಪಟ್ಟಾಗುತ್ತದೆ. ಒಳ್ಳೆ ನೂಲಾದರೆ ಇನ್ನೂರರಿಂದ ನಾನ್ನೂರರ ಒಳಗಿನದೇ ಮೈಗೆ ಹಿತ, ಗಾಳಿಯೂ ಆಡುತ್ತದೆ. ನಾನು ಅದೇ ತಂದೆ. ಗಾತ್ರದ ಲೆಕ್ಕವನ್ನೂ ಅಲ್ಲೇ ಹಾಕಿಕೊಂಡೆ. ನಮ್ಮ ಹಾಸಿಗೆ 150ಕ್ಕೆ 200 ಸೆಂಟಿಮೀಟರ್, ದಪ್ಪ 15. ಎರಡೂ ಕಡೆಯ ದಪ್ಪಕ್ಕೆ 30, ಕೆಳಗೆ ಮಡಿಸಿ ಸಿಕ್ಕಿಸಲು ಕಡೆಗೆ ಇಪ್ಪತ್ತರಂತೆ 40. ಅಂದರೆ ಅಗಲ 220, ಉದ್ದ 270. ದಪ್ಪ ಮರೆತು ಕೊಂಡರೆ ರಾತ್ರಿಯೆಲ್ಲ ಹಾಸು ಕಿತ್ತು ಬರುತ್ತದೆ.

ಅಂಗಡಿಯ ಹಿಂಭಾಗದಲ್ಲಿ ಸ್ವಲ್ಪ ಪೀಠೋಪಕರಣಗಳೂ ಇದ್ದವು. ಅಲ್ಲೇ ಒಂದು ಕುರ್ಚಿ ಕಂಡೆ. ಮರವನ್ನು ಹಬೆಯಲ್ಲಿ ಬಾಗಿಸಿ ಮಾಡಿದ್ದು. ಬೆನ್ನು ಒಂದೇ ಕಮಾನು, ಕೂರುವ ಜಾಗಕ್ಕೆ ಬೆತ್ತದ ಹೆಣಿಗೆ. ಹೋಟೆಲುಗಳ ಹಳೇ ಫೋಟೋಗಳಲ್ಲಿ ನೀವೂ ಈ ಬಗೆಯ ಕುರ್ಚಿ ನೋಡಿರುತ್ತೀರಿ. ಇದರ ಮೂಲ ವಿಯೆನ್ನಾದ ಮಿಖಾಯೆಲ್ ಥೊನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿ. ಆರು ಮರದ ಭಾಗ, ಹತ್ತು ತಿರುಪು, ಎರಡು ನಟ್ಟು, ಅಷ್ಟೇ. ಬಿಡಿಸಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಕಳಿಸಿದ ಕಡೆ ಮತ್ತೆ ಜೋಡಿಸಿಕೊಳ್ಳುವುದು. ಈಗ ಪೆಟ್ಟಿಗೆಯಲ್ಲಿ ಬರುವ ಮೇಜು ಕಪಾಟುಗಳ ಯೋಚನೆ ಅಷ್ಟು ಹಿಂದೆಯೇ ಇತ್ತು.

ಅಂಗಡಿಯಲ್ಲಿದ್ದದ್ದು ಅದೇ ಬಗೆಯ ಒಂದು ಹಳೇ ಕುರ್ಚಿ, ಯಾರೋ ಬದಲಿಗೆ ಕೊಟ್ಟು ಹೋದದ್ದು. ಬೆತ್ತ ಜೋತು ಬಿದ್ದಿತ್ತು. ಕೂತರೆ ತಗ್ಗಿಗೆ ಇಳಿದ ಹಾಗೆ ಆಗುತ್ತಿತ್ತು. ಆಸೆ ಆಯಿತು, ಆದರೆ ಬೆತ್ತ ಮತ್ತೆ ಹೆಣೆಸಬೇಕಲ್ಲ ಅಂತ ಹಿಂಜರಿದೆ. ಯಜಮಾನರು ಕುರ್ಚಿಯನ್ನು ತಲೆಕೆಳಗು ಮಾಡಿದರು. ಹೆಣಿಗೆಯನ್ನು ಬೆರಳಿನಿಂದ ಸವರುತ್ತಾ ಎಲ್ಲೂ ಎಳೆ ತುಂಡಾಗಿಲ್ಲ ಅಂತ ಖಾತ್ರಿ ಮಾಡಿಕೊಂಡರು. "ತುಂಡಾಗಿದ್ದರೆ ಮಾತು ಬೇರೆ. ಇದು ಬರೀ ಸಡಿಲ ಆಗಿದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಕೆಳಗಿನಿಂದ ಒದ್ದೆ ಮಾಡಿ. ಮೇಲಿನಿಂದ ಬೇಡ, ಮೇಲೆ ಬೆತ್ತದ ಸಿಪ್ಪೆ ಇರುತ್ತೆ, ನೀರು ಕುಡಿಯಲ್ಲ. ನೆರಳಲ್ಲಿ ಒಣಗಿಸಿ. ಒಣಗೋವರೆಗೂ ಯಾರೂ ಕೂರಬಾರದು."

ಕುರ್ಚಿ ಮನೆಗೆ ಬಂತು. ಆ ರಾತ್ರಿಯೇ ತಲೆಕೆಳಗಾಗಿಟ್ಟು, ಒದ್ದೆ ಟವೆಲನ್ನು ಅರ್ಧ ಗಂಟೆ ಹೊದಿಸಿದೆ. ನೀರು ಕುಡಿದ ಬೆತ್ತ ಮೊದಲು ಇನ್ನೂ ಮೆತ್ತಗಾಯಿತು. ಕೈಯಿಟ್ಟರೆ ಒದ್ದೆ ಬುಟ್ಟಿಯ ಹಾಗೆ ಬಗ್ಗುತ್ತಿತ್ತು. ಹಾಳು ಮಾಡಿಬಿಟ್ಟೆನಾ ಅಂತ ಭಯವಾಯಿತು. ಮರುದಿನ ಬೆಳಿಗ್ಗೆ ಮಧ್ಯಭಾಗ ಸ್ವಲ್ಪ ಮೇಲೆದ್ದಿತ್ತು. ಸಂಜೆ ಹೊತ್ತಿಗೆ ಬೆರಳಿಂದ ತಟ್ಟಿದರೆ ಚರ್ಮ ಬಿಗಿದ ಡೋಲಿನ ಹಾಗೆ ಟಣ್ ಅಂದಿತು. ಸುಮ್ಮನೆ ನೀರು ಮತ್ತು ನೆರಳು. ಇಷ್ಟು ಸಂತೋಷ ಕೊಟ್ಟ ವಸ್ತು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ನಾನು ಈಗ ಇದನ್ನು ಬರೆಯುತ್ತಿರುವುದೂ ಅದರ ಮೇಲೆ ಕೂತೇ.

ಮೇಜು ನೋಡುವಾಗ ಅದೇ ಕುರ್ಚಿಯ ಎತ್ತರ ಲೆಕ್ಕಕ್ಕೆ ಬಂತು. ಕೂರುವ ಜಾಗ ನೆಲದಿಂದ 45 ಸೆಂಟಿಮೀಟರ್ ಇದ್ದರೆ ಮೇಜು 75ರ ಹತ್ತಿರ ಇರಬೇಕು. ನಡುವೆ 30ರಷ್ಟು ಜಾಗ ಇದ್ದರೆ ತೊಡೆಗೂ ಆರಾಮ, ಮೊಣಕೈಗೂ ಆರಾಮ. ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆ ಎಳೆದು ತಿರುಗಿಸಿ ನೋಡಿ. ಇದು ಯಾವ ಅಂಗಡಿಯಲ್ಲಾದರೂ ಮಾಡಬಹುದು, ಯಾರೂ ಬೇಡ ಅನ್ನಬಾರದು. ಎದುರು ಹಲಗೆಯೂ ಪಕ್ಕದ ಹಲಗೆಯೂ ಬೆರಳುಗಳ ಹಾಗೆ ಒಂದಕ್ಕೊಂದು ಕಚ್ಚಿಕೊಂಡಿದ್ದರೆ ವರ್ಷಗಟ್ಟಲೆ ಎಳೆದರೂ ಬಿಚ್ಚುವುದಿಲ್ಲ. ಬರೀ ಮೊಳೆ ಅಥವಾ ಅಂಟಿನ ಮೇಲೆ ನಿಂತಿದ್ದರೆ ಮೊದಲು ಸೋಲುವುದೇ ಆ ಮೂಲೆ. ತಳದ ಹಲಗೆ ಸುತ್ತಲಿನ ಹಲಗೆಗಳಲ್ಲಿ ಕೊರೆದ ಸೀಳಿನೊಳಗೆ ಕೂತಿರಬೇಕು, ಕೆಳಗಿನಿಂದ ಮೊಳೆ ಹೊಡೆದದ್ದಾದರೆ ಭಾರಕ್ಕೆ ಕಳಚುತ್ತದೆ.

ದೊಡ್ಡ ಸಾಮಾನು ಕೊಳ್ಳುವ ಮೊದಲು ಹಳೇ ಪೇಪರು ಜೋಡಿಸಿ ನೆಲದ ಮೇಲೆ ಅದರ ಆಕಾರ ಹಾಸುವುದು ಅಕ್ಕನಿಂದ ಕಲಿತದ್ದು. ಸೋಫಾ ಎಷ್ಟು ಜಾಗ ತಿನ್ನುತ್ತದೆ ಅಂತ ಎರಡು ದಿನ ಅದರ ಸುತ್ತ ಓಡಾಡಿದರೆ ಗೊತ್ತಾಗುತ್ತದೆ. ಓಡಾಡುವ ದಾರಿಗೆ 75ರಿಂದ 90 ಸೆಂಟಿಮೀಟರ್ ಉಳಿಯಬೇಕು. ಬಾಗಿಲಿನ ಅಗಲವನ್ನೂ ಮೆಟ್ಟಿಲಿನ ತಿರುವನ್ನೂ ಅಳೆದುಕೊಂಡು ಹೋಗಿ. ಪೇಪರು ಹಾಸಿದ ಮೇಲೆ ನಾನು ಸೋಫಾದ ಯೋಚನೆಯನ್ನೇ ಬಿಟ್ಟು ಎರಡು ಒಂಟಿ ಕುರ್ಚಿ ಸಾಕು ಅಂದುಕೊಂಡೆ. ಅವುಗಳ ಮೆತ್ತೆಗೆ ಫೋಮ್ ಆರಿಸುವಾಗ ಮೆತ್ತಗಿದೆಯಾ ಅಂತ ಒತ್ತಿ ನೋಡುವುದಕ್ಕಿಂತ ಸಾಂದ್ರತೆ ಕೇಳುವುದು ಒಳ್ಳೆಯದು. ದಿನಾ ಕೂರುವ ಜಾಗಕ್ಕೆ ಘನ ಮೀಟರಿಗೆ 32 ಕಿಲೋಗಿಂತ ಕಡಿಮೆ ಬೇಡ, 40 ಸಿಕ್ಕರೆ ಇನ್ನೂ ಒಳ್ಳೆಯದು. ಕಡಿಮೆ ಸಾಂದ್ರತೆಯದು ಅಂಗಡಿಯಲ್ಲಿ ಹಿತವಾಗಿರುತ್ತದೆ, ಸ್ವಲ್ಪ ದಿನಕ್ಕೇ ಗುಳಿ ಬೀಳುತ್ತದೆ.

ನೆಲಹಾಸಿನ ಬಗ್ಗೆ ಒಂದೇ ಮಾತು. ಮಗುಚಿ ನೋಡಿ. ಹಿಂದುಗಡೆಯೂ ಮುಂದಿನ ಚಿತ್ತಾರವೇ ಗಂಟು ಗಂಟಾಗಿ ಕಂಡರೆ ಅದು ಕೈಯಲ್ಲಿ ಗಂಟು ಹಾಕಿ ನೇಯ್ದದ್ದು, ತುದಿಯ ಕುಚ್ಚು ಕೂಡ ನೇಯ್ಗೆಯ ಉದ್ದದ ನೂಲೇ ಆಗಿರುತ್ತದೆ. ಹಿಂದೆ ಬೇರೆ ಬಟ್ಟೆ ಅಂಟಿಸಿ ಮುಚ್ಚಿದ್ದರೆ ಎಳೆಗಳು ಅಂಟಿನ ಮೇಲೆ ನಿಂತಿವೆ ಅಂತ ತಿಳಿಯಿರಿ.

ಪರದೆ ಬಟ್ಟೆ ಕತ್ತರಿಸುವ ದಿನ ನಾನು ಬೇಕೆಂದೇ ಹೋಗಿ ಕೂತೆ. ಅವರು ಹಿತ್ತಾಳೆ ಪಟ್ಟಿಗೆ ಬಟ್ಟೆ ಹಿಡಿದು ಮೀಟರ್ ಮೀಟರಾಗಿ ಎಳೆಯುತ್ತಾ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದರು. ಎಳೆದು ಬಿಗಿಯಾಗಿಸಲಿಲ್ಲ, ಸುಮ್ಮನೆ ಮಲಗಿಸಿ ಅಳೆದರು. ಆಮೇಲೆ ಅಡ್ಡಕ್ಕೆ ಒಂದು ಎಳೆ ಹಿಡಿದು ಮೆಲ್ಲಗೆ ಎಳೆದು ತೆಗೆದರು. ಬಟ್ಟೆಯ ಮೇಲೆ ಕೂದಲಿನಷ್ಟು ತೆಳ್ಳಗಿನ ಗೆರೆ ಬಿತ್ತು. ಆ ಗೆರೆಯ ಮೇಲೆಯೇ ಕತ್ತರಿ ನಡೆಯಿತು, ಕರ್ ಕರ್ ಅಂತ, ಈ ತುದಿಯಿಂದ ಆ ತುದಿಗೆ. ಹೀಗೆ ಕತ್ತರಿಸಿದರೆ ತುಂಡು ಸೊಟ್ಟ ಆಗುವುದಿಲ್ಲ, ಒಗೆದ ಮೇಲೂ ಅಂಚು ಓರೆ ಆಗುವುದಿಲ್ಲ. ಮೂರೂ ತುಂಡು ಒಂದೇ ಥಾನಿನದು ಅಂತ ನೋಡಿಕೊಂಡರು. ಬೇರೆ ಬೇರೆ ಸಲ ಬಣ್ಣ ಹಾಕಿದ ಥಾನುಗಳಲ್ಲಿ ಒಂದು ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಅಂಗಡಿಯಲ್ಲಿ ಕಾಣುವುದಿಲ್ಲ, ಪಕ್ಕ ಪಕ್ಕ ನೇತು ಹಾಕಿದಾಗ ಕಾಣುತ್ತದೆ. ಹಾಗಾಗಿ ಬೇಕಾದ್ದನ್ನು ಒಂದೇ ಸಲ ಕೊಳ್ಳಬೇಕು, ಅರ್ಧ ಮೀಟರ್ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಬಿಲ್ಲು ಬರೆದದ್ದು ಕಾರ್ಬನ್ ಹಾಳೆಯ ಪುಸ್ತಕದಲ್ಲಿ. ಅದಲ್ಲದೆ ಪಕ್ಕದಲ್ಲಿ ಇನ್ನೊಂದು ಉದ್ದನೆಯ ಖಾತೆ ಪುಸ್ತಕ ಇತ್ತು. ಅದರಲ್ಲಿ ನನ್ನ ಮನೆಯ ಪ್ರತಿ ಕಿಟಕಿಯ ಅಳತೆ, ರಾಡಿನ ಉದ್ದ, ಬಟ್ಟೆಯ ನಂಬರು, ಒಂದು ಚೂರು ಬಟ್ಟೆಯನ್ನೂ ಅಂಟಿಸಿ ಬರೆದಿಟ್ಟರು. ಪುಟ ತಿರುವಿದಾಗ ಹಿಂದಿನವರ ಕಿಟಕಿಗಳು ಕಂಡವು. ಬಣ್ಣ ಮಾಸಿದ ಚೂರುಗಳು, ಶಾಯಿ ಕಂದಾದ ಅಂಕಿಗಳು.

ಹೊಸ ಪರದೆ ಹಾಕಿ ಈಗ ಮೂರು ಒಗೆತ ಆಗಿದೆ. ನೆಲದಿಂದ ಒಂದು ಸೆಂಟಿಮೀಟರ್ ಮೇಲೆ ಹೇಗಿತ್ತೋ ಹಾಗೇ ನಿಂತಿದೆ. ಹಳೇ ಗಿಡ್ಡ ಪರದೆಗಳನ್ನು ಹೊಲಿಯುವಾಕೆಗೆ ಕೊಟ್ಟಾಗ, ಅವುಗಳಿಂದಲೇ ಆರು ದಿಂಬಿನ ಚೀಲ ಹೊಲಿದುಕೊಟ್ಟರು. ಹೇಗೂ ಕುಗ್ಗಿ ಮುಗಿದ ಬಟ್ಟೆ, ಇನ್ನು ಕುಗ್ಗಲ್ಲ ಅಂದರು.

ಮೊನ್ನೆ ಅಡುಗೆಮನೆಯ ಸಣ್ಣ ಕಿಟಕಿಗೆ ಬಟ್ಟೆ ಬೇಕಾಗಿ ಹೋಗಿದ್ದೆ. ಚೀಟಿ ಮನೆಯಲ್ಲೇ ಮರೆತು ಬಂದಿದ್ದೆ. ಯಜಮಾನರು ಖಾತೆ ಪುಸ್ತಕ ಎಳೆದು, ಬೆರಳಿಗೆ ನೀರು ಮುಟ್ಟಿಸಿ ನಾಲ್ಕು ಹಾಳೆ ತಿರುವಿದರು. "ಅಡುಗೆಮನೆ, ರಾಡು 90, ಉದ್ದ 110. ಆವತ್ತೇ ಬರೆದುಕೊಂಡಿದ್ದೆ. ಬೇಕಾಗುತ್ತೆ ಅಂತ ಗೊತ್ತಿತ್ತು" ಅಂದು, ಏಣಿಯನ್ನು ಕಪಾಟಿನ ಕಡೆ ತಳ್ಳಿಕೊಂಡು ಹೋದರು.